ಆ ಕಡೆಯ ಮೌಸ್ ಯಾರ ಕೈಯಲ್ಲಿ?

"ಅದೇನೋ ಬಂದು ಕೂತಿದೆ ಮಾರಾಯ, ಹೋಗ್ತಾನೇ ಇಲ್ಲ."

"ಏನಂತ ಬರೆದಿದೆ, ಓದಿ ಹೇಳಿ."

"ಇಂಗ್ಲಿಷಲ್ಲಿ ಏನೋ ಇತ್ತಪ್ಪ. ಓಕೆ ಒತ್ತಿಬಿಟ್ಟೆ."

ಅಪ್ಪ ಅಮ್ಮ ಊರಲ್ಲಿ, ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಮನೆಗಳಲ್ಲಿ ಈ ಮಾತುಕತೆ ಹೊಸದೇನಲ್ಲ. ಪ್ರಿಂಟರ್ ಮುನಿಸಿಕೊಂಡಿರುತ್ತದೆ, ಇಳಿಸಿಕೊಂಡ ಪಹಣಿ ಎಲ್ಲಿ ಹೋಯಿತೆಂದು ಗೊತ್ತಿರುವುದಿಲ್ಲ, ಸೊಸೈಟಿಯ ಲೆಕ್ಕದ ಹಾಳೆಯಲ್ಲಿ ಸಂಖ್ಯೆಗಳ ಬದಲು ಬರೀ ಚೌಕಳಿ ಗುರುತು ಕಾಣುತ್ತಿರುತ್ತದೆ. "ಎಡಗಡೆ ಕೆಳಗೆ ನೋಡಿ. ಅಲ್ಲ, ಇನ್ನೂ ಕೆಳಗೆ" ಎಂದು ಫೋನಿನಲ್ಲಿ ಅರ್ಧ ಗಂಟೆ ಹೆಣಗುವ ಬದಲು ಆ ಪರದೆಯನ್ನೇ ಇಲ್ಲಿಗೆ ತರಿಸಿಕೊಂಡರೆ ಎರಡು ನಿಮಿಷದ ಕೆಲಸ. ಬೇಕಾದ ತಂತ್ರಾಂಶ ಬಿಟ್ಟಿ ಸಿಗುತ್ತದೆ, ಹಾಕಿಕೊಳ್ಳುವುದೂ ಸುಲಭ. ಆ ಸುಲಭದಲ್ಲೇ ಒಂದು ಪ್ರಶ್ನೆ ಕೇಳುವುದು ಮರೆತುಹೋಗುತ್ತದೆ. ಎರಡು ಕಂಪ್ಯೂಟರುಗಳಲ್ಲಿ ಯಾವುದು ಯಾವುದನ್ನು ಮೊದಲು ಕರೆಯಿತು? ರಿಮೋಟ್ ಆ್ಯಕ್ಸೆಸ್ ಎಂಬ ವಿದ್ಯೆಯ ತಾಂತ್ರಿಕ ತೊಡಕೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಅದರ ಹೆಸರಲ್ಲಿ ನಡೆಯುವ ಮೋಸವೂ ಅಲ್ಲೇ ಇದೆ.

ದೂರದ ಯಂತ್ರವನ್ನು ಕೂತಲ್ಲಿಂದಲೇ ನಡೆಸುವ ಆಸೆ ಇಂಟರ್ನೆಟ್ಟಿಗಿಂತ ಹಳೆಯದು. 1940ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ಸೇರಿತ್ತು. ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ಅಲ್ಲಿಗೆ ತಂದದ್ದು ಒಂದು ಟೆಲಿಟೈಪ್ ಮಾತ್ರ. ಲೆಕ್ಕ ಮಾಡುವ ಯಂತ್ರ ನ್ಯೂಯಾರ್ಕಿನಲ್ಲೇ ಇತ್ತು. ಇಲ್ಲಿ ಸಂಖ್ಯೆ ಒತ್ತಿದರೆ ಅದು ತಂತಿಯ ಮೇಲೆ ಅಲ್ಲಿಗೆ ಹೋಗಿ, ಉತ್ತರ ಬಂದು ಇಲ್ಲಿ ಅಚ್ಚಾಗುತ್ತಿತ್ತು. ಇಂಟರ್ನೆಟ್ಟಿನ ತಾಯಿಬೇರಾದ ಅರ್ಪಾನೆಟ್‌ನ ಕತೆಯೂ ಹೀಗೇ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಮೆನ್ಲೊ ಪಾರ್ಕ್‌ನ ಕಂಪ್ಯೂಟರಿಗೆ 'ಲಾಗಿನ್' ಎಂದು ಟೈಪ್ ಮಾಡಲು ಹೊರಟ. ಎರಡು ಅಕ್ಷರ ತಲುಪುವಷ್ಟರಲ್ಲಿ ವ್ಯವಸ್ಥೆ ಕುಸಿದುಬಿತ್ತು. ಆ ಎರಡು ಅಕ್ಷರಗಳ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಸ್ವಾರಸ್ಯವೆನಿಸುವುದು ಅವನು ಕಳಿಸಲು ಹೊರಟದ್ದು ಕುಶಲೋಪರಿಯಾಗಿರಲಿಲ್ಲ ಎಂಬುದು. ಅದು ಬೇರೆ ಊರಿನ ಕಂಪ್ಯೂಟರಿನೊಳಗೆ ಹೋಗಿ ಕೂರುವ ಯತ್ನ. ಇಮೇಲ್, ವೆಬ್ ಎಲ್ಲ ಆಮೇಲೆ ಹುಟ್ಟಿದ ತಮ್ಮಂದಿರು. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಬುಡದಲ್ಲೂ ಇದೇ ಇದೆ. 1985ರಲ್ಲಿ ಇಲ್ಲಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡದ್ದು ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಹೊರದೇಶದ ಕಂಪ್ಯೂಟರುಗಳಿಗೆ ಜೋಡಿಸಲೆಂದೇ.

ಪರದೆ ಹೇಗೆ ಬರುತ್ತದೆ ಎಂಬುದನ್ನು ಮೊದಲು ನೋಡಿಬಿಡೋಣ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು 20 ಲಕ್ಷಕ್ಕೂ ಹೆಚ್ಚು. ಒಂದೊಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್ ಎಂದರೆ ಒಂದು ಪರದೆಗೆ ಸುಮಾರು 6 ಎಂಬಿ. ಸೆಕೆಂಡಿಗೆ 30 ಸಲ ಹಾಗೇ ಕಳಿಸುತ್ತ ಹೋದರೆ ಸೆಕೆಂಡಿಗೆ ಸುಮಾರು ಒಂದೂವರೆ ಗಿಗಾಬಿಟ್ ಬೇಕು. ಊರಿನ ಬ್ರಾಡ್‌ಬ್ಯಾಂಡಿಗೆ ಅದು ಆಗದ ಮಾತು. ಹಾಗಾಗಿ ಈ ತಂತ್ರಾಂಶಗಳು ಬದಲಾದ ಭಾಗವನ್ನಷ್ಟೇ, ಅದೂ ಹಿಂಡಿ ಚಿಕ್ಕದಾಗಿಸಿ ಕಳಿಸುತ್ತವೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿಯ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ವಿಎನ್‌ಸಿ ಈ ವಿಷಯದಲ್ಲಿ ಅತ್ಯಂತ ಸರಳಜೀವಿ. "ಇಂಥ ಜಾಗದಲ್ಲಿ ಇಷ್ಟಗಲದ ಚೌಕವೊಂದನ್ನು ಈ ಚುಕ್ಕಿಗಳಿಂದ ತುಂಬು", ಇದಿಷ್ಟೇ ಅದರ ಮೂಲ ವ್ಯಾಕರಣ. ಆ ಕಡೆ ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಚೌಕ ಚೌಕವೇ. ಅಪ್ಪ ಪದಬಂಧ ಆಡುತ್ತ ಕೂತಿದ್ದರೆ ಹೆಚ್ಚೇನೂ ಹರಿಯುವುದಿಲ್ಲ. ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕಿದರೋ, ಪರದೆಯೆಲ್ಲ ಬದಲಾಗುತ್ತ ಹೋಗಿ ನಿಮ್ಮ ಕಡೆ ಚಿತ್ರ ತಡವರಿಸುತ್ತದೆ.

ದೂರದ ತಡವನ್ನು ಮಾತ್ರ ಯಾವ ತಂತ್ರಾಂಶವೂ ನೀಗಲಾರದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೆಟ್ಟಗೆ ಹೋದರೆ ಸುಮಾರು 14,000 ಕಿ.ಮೀ. ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ 140 ಭಾಗ ಬೇಕೇ ಬೇಕು. ಕೇಬಲ್‌ಗಳು ನೆಟ್ಟಗೆ ಹೋಗುವುದಿಲ್ಲವಾದ್ದರಿಂದ 200 ದಾಟುವುದೇ ಹೆಚ್ಚು. ಅಲ್ಲಿಂದ ಇಲ್ಲಿನ ಮೌಸ್ ಆಡಿಸುವವರಿಗೆ ಬಾಣದ ಗುರುತು ಅರೆಗಳಿಗೆ ತಡವಾಗಿ ಹಿಂಬಾಲಿಸುವುದು ಇದಕ್ಕೇ. ಅಂಥವರು ಮೌಸ್ ಬಿಟ್ಟು ಕೀಬೋರ್ಡಿನ ಶಾರ್ಟ್‌ಕಟ್‌ಗಳನ್ನು ನೆಚ್ಚಿಕೊಳ್ಳುವುದು ವಾಸಿ.

ಇನ್ನು ಅಸಲು ತೊಡಕಿಗೆ ಬರೋಣ. ಒಂದೇ ಮನೆಯಲ್ಲಿ, ಒಂದೇ ವೈಫೈನಲ್ಲಿ ಇರುವ ಎರಡು ಕಂಪ್ಯೂಟರುಗಳನ್ನು ಜೋಡಿಸುವುದರಲ್ಲಿ ಕಷ್ಟವಿಲ್ಲ. ಆ ಕಡೆಯ ಯಂತ್ರದ ವಿಳಾಸ 192.168.1.5 ಎಂದು ಗೊತ್ತಿದ್ದರೆ ಸಾಕು. ಆದರೆ ಅದೇ ವಿಳಾಸವನ್ನು ಬೆಂಗಳೂರಿನಿಂದ ಹಾಕಿ ನೋಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಏಕೆಂದರೆ ಅದು ಇಂಟರ್ನೆಟ್ಟಿನ ವಿಳಾಸವೇ ಅಲ್ಲ. ಹಳೆಯ ಐಪಿ ಪದ್ಧತಿಯಲ್ಲಿ ಸಿಗುವುದು ಒಟ್ಟು 429 ಕೋಟಿ ವಿಳಾಸ. ಲೋಕದ ಫೋನು, ಟಿವಿ, ಕಂಪ್ಯೂಟರುಗಳಿಗೆ ಅದು ಯಾವ ಮೂಲೆಗೂ ಸಾಲದು. ಅದಕ್ಕೇ ಒಂದು ಮನೆಗೆ ಒಂದೇ ಸಾರ್ವಜನಿಕ ವಿಳಾಸ ಕೊಟ್ಟು, ಒಳಗಿನ ಯಂತ್ರಗಳಿಗೆ ಖಾಸಗಿ ನಂಬರು ಹಂಚುವ ರೂಢಿ 1990ರ ದಶಕದಲ್ಲಿ ಬಂತು. ಮೈಸೂರು ಬೆಂಗಳೂರುಗಳ ಹಳೆಯ ವಠಾರದ ಹಾಗೆ. ಬೀದಿಗೆ ಕಾಣುವ ಡೋರ್ ನಂಬರ್ ಒಂದೇ, ಒಳಗೆ ಎಂಟು ಸಂಸಾರ. ಒಳಗಿನವರು ಹೊರಗೆ ಹೋಗಿ ಬರಬಹುದು, ಹೊರಗೆ ಹೇಳಿಬಂದ ಸಾಮಾನು ಹೇಳಿದವರ ಮನೆಗೇ ಬರುತ್ತದೆ. ಹೊರಗಿನವನೊಬ್ಬ ತಾನಾಗಿ ಬಂದು "ರಾಯರ ಮನೆ ಯಾವುದು" ಎಂದು ಕೇಳಿದರೆ ಮಾತ್ರ ಹೇಳುವವರಿಲ್ಲ. ನಿಮ್ಮ ರೌಟರ್ ಮಾಡುವುದು ಇದನ್ನೇ. ಒಳಗಿಂದ ಶುರುವಾದ ಮಾತಿಗೆ ಉತ್ತರ ಬಂದರೆ ಬಿಡುತ್ತದೆ, ಹೊರಗಿಂದ ಶುರುವಾದದ್ದನ್ನು ಬಿಸಾಡುತ್ತದೆ.

ಈಗ ಸೇವಾ ಕಂಪನಿಗಳಿಗೂ ವಿಳಾಸದ ಬರ. ಹಾಗಾಗಿ ಅನೇಕ ಕಡೆ ನೂರಾರು ಮನೆಗಳನ್ನು ಸೇರಿಸಿ ಮತ್ತೊಂದು ದೊಡ್ಡ ವಠಾರದೊಳಗೆ ಕೂರಿಸಿದ್ದಾರೆ. ನಿಮ್ಮ ರೌಟರಿನ ಹೊರಮೈಯ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವಿರುವುದು ಅಂಥದ್ದರಲ್ಲಿ ಎಂದೇ ಅರ್ಥ. 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಟ್ಟ ಗುಂಪು ಅದು. ಅಲ್ಲಿ ರೌಟರಿನ ಸೆಟ್ಟಿಂಗ್ ಎಷ್ಟು ತಿರುವಿದರೂ ಹೊರಗಿನಿಂದ ಒಳಗೆ ನೇರ ದಾರಿ ಸಿಗದು, ಏಕೆಂದರೆ ದೊಡ್ಡ ವಠಾರದ ಹೆಬ್ಬಾಗಿಲು ನಿಮ್ಮ ಕೈಯಲ್ಲಿಲ್ಲ. ಐಪಿವಿ6 ಬಂದ ಕಡೆ ಈ ಕೊರತೆ ಇಲ್ಲ, ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ. ಆದರೆ ಎರಡೂ ತುದಿಯಲ್ಲಿ ಅದು ಇರಬೇಕು, ರೌಟರಿನ ಫೈರ್‌ವಾಲ್ ಅಲ್ಲೂ ಕಾವಲಿಗೆ ಕೂತಿರುತ್ತದೆ.

ಹಳೆಯ ಪರಿಹಾರ ಪೋರ್ಟ್ ಫಾರ್ವರ್ಡಿಂಗ್. ಇಂಥ ನಂಬರಿನ ಪೋರ್ಟ್ ಕೇಳಿ ಬಂದವರನ್ನೆಲ್ಲ ಇಂಥ ಯಂತ್ರಕ್ಕೆ ಕಳಿಸು ಎಂದು ರೌಟರಿಗೆ ಹೇಳಿಡುವುದು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪಿಗೆ 3389, ವಿಎನ್‌ಸಿಗೆ 5900. ಯಾರಾದರೂ ನಿಮಗೆ ಇವತ್ತು ಇದನ್ನು ಹೇಳಿಕೊಟ್ಟರೆ ನಮಸ್ಕಾರ ಹೇಳಿ ಕಳಿಸಿ. ಇಂಟರ್ನೆಟ್ಟಿನ ಅಷ್ಟೂ ಹಳೆಯ ವಿಳಾಸಗಳನ್ನು ಒಂದೇ ಕಂಪ್ಯೂಟರಿನಿಂದ ಒಂದು ಗಂಟೆಯೊಳಗೆ ತಡಕಾಡಬಲ್ಲ ಸಾಧನ 2013ರಲ್ಲೇ ಬಂದಾಗಿದೆ. ನಿಮ್ಮ ಮನೆ ಮೂಲೆಯಲ್ಲಿದೆ, ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯ ಅಲ್ಲಿ ನಡೆಯದು. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷದಲ್ಲಿ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ, 3389 ತೆರೆದಿದ್ದರೆ ಸಾಕಿತ್ತು. ಐದು ವರ್ಷದ ಹಿಂದೆಯೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಹೊರಡಿಸಿತು ಎಂದರೆ ಗಾಬರಿ ಎಷ್ಟಿತ್ತೆಂದು ಊಹಿಸಿಕೊಳ್ಳಿ.

ಈಗಿನ ಜಾಣ ಉಪಾಯವೆಂದರೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಎರಡೂ ಯಂತ್ರಗಳು ತಮ್ಮ ತಮ್ಮ ವಠಾರದಿಂದ ಹೊರಬಂದು ಮೂರನೆಯವರ ಕಟ್ಟೆಯಲ್ಲಿ ಭೇಟಿಯಾಗುತ್ತವೆ. ಒಳಗಿಂದ ಶುರುವಾದ ಮಾತನ್ನು ರೌಟರ್ ತಡೆಯುವುದಿಲ್ಲವಲ್ಲ! ಆ ಮೂರನೆಯ ಸರ್ವರ್ ಇಬ್ಬರಿಗೂ ಪರಸ್ಪರ ಗುರುತು ಹೇಳಿ, ಆದರೆ ನೇರ ದಾರಿ ಮಾಡಿಕೊಡುತ್ತದೆ, ಆಗದಿದ್ದರೆ ತಾನೇ ನಡುವೆ ನಿಂತು ದಾಟಿಸುತ್ತದೆ. 2005ರಲ್ಲಿ ಜರ್ಮನಿಯಲ್ಲಿ ಶುರುವಾದ ಟೀಮ್‌ವ್ಯೂವರ್, ಅದೇ ದೇಶದ ಎನಿಡೆಸ್ಕ್, ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಮುಕ್ತ ತಂತ್ರಾಂಶವಾದ ರಸ್ಟ್‌ಡೆಸ್ಕ್, ವಿಂಡೋಸಿನಲ್ಲೇ ಇರುವ ಕ್ವಿಕ್ ಅಸಿಸ್ಟ್ ಎಲ್ಲದರ ಗುಟ್ಟೂ ಇದೇ. ಫೋನಿನಲ್ಲಿ ಓದಿ ಹೇಳುವ ಆ ಅಂಕಿಗಳು ಆ ಕಟ್ಟೆಯಲ್ಲಿ ನಿಮ್ಮನ್ನು ಗುರುತಿಸುವ ಚೀಟಿ.

ಅಪ್ಪನ ಕಂಪ್ಯೂಟರಿಗೆ ಯಾವುದು? ಅನೇಕರು ಮೊದಲು ಕೈಹಾಕುವುದು ವಿಂಡೋಸಿನ ಸ್ವಂತ ರಿಮೋಟ್ ಡೆಸ್ಕ್‌ಟಾಪಿಗೆ. ಅದು ಒಳ್ಳೆಯದೇ, ಆದರೆ ಹೋಮ್ ಆವೃತ್ತಿಯ ಯಂತ್ರ ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಪ್ರೊ ಬೇಕು. ಅದಕ್ಕಿಂತ ದೊಡ್ಡ ಸಂಗತಿ, ನೀವು ಒಳಹೊಕ್ಕ ಕೂಡಲೇ ಅಲ್ಲಿನ ಪರದೆಗೆ ಬೀಗ ಬೀಳುತ್ತದೆ. ನಿಮ್ಮ ಆಫೀಸಿನ ಯಂತ್ರವನ್ನು ಮನೆಯಿಂದ ಬಳಸುವಾಗ ಇದು ಸರಿ, ದಾರಿಹೋಕರು ನೋಡಬಾರದು. ಅಪ್ಪನಿಗೆ ತೋರಿಸಿ ಕಲಿಸಬೇಕಾದಾಗ ಅವರ ಮುಂದೆ ಬರೀ ಬೀಗದ ಪರದೆ ಕೂತರೆ ಏನು ಬಂತು? ಜತೆಗೆ ನೋಡಬೇಕಾದ ಕೆಲಸಕ್ಕೆ ಕ್ವಿಕ್ ಅಸಿಸ್ಟ್ ಥರದ್ದೇ ಸರಿ. ನೆರವಾಗುವವರು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಆರಕ್ಷರದ ಸಂಕೇತವೊಂದನ್ನು ಪಡೆದು ಹೇಳಬೇಕು, ಅಪ್ಪ ಅದನ್ನು ಒತ್ತಿ ಒಪ್ಪಿಗೆ ಕೊಡಬೇಕು. ಮುಗಿದ ಮೇಲೆ ಕಿಟಕಿ ಮುಚ್ಚಿದರೆ ನಂಟೂ ಮುಗಿಯಿತು.

ನಡುವೆ ಒಂದು ಕಡೆ ಎಲ್ಲರೂ ಮುಗ್ಗರಿಸುತ್ತಾರೆ. ಪ್ರಿಂಟರ್ ಡ್ರೈವರ್ ಹಾಕಲು ಹೋದಿರಿ ಎನ್ನಿ. ತಟ್ಟನೆ ನಿಮ್ಮ ಕಡೆ ಪರದೆ ಕಪ್ಪಾಗುತ್ತದೆ ಇಲ್ಲವೇ ನಿಂತುಬಿಡುತ್ತದೆ. ಸಂಪರ್ಕ ಹೋಯಿತೆಂದು ಮತ್ತೆ ಮೊದಲಿಂದ ಶುರು ಮಾಡಬೇಡಿ. ಅಲ್ಲಿ ಅಪ್ಪನ ಮುಂದೆ ಪರದೆಯೆಲ್ಲ ಮಬ್ಬಾಗಿ "ಈ ಬದಲಾವಣೆಗೆ ಅನುಮತಿ ಇದೆಯೇ" ಎಂಬ ಪೆಟ್ಟಿಗೆ ಬಂದಿರುತ್ತದೆ. ವಿಂಡೋಸ್ ಆ ಪ್ರಶ್ನೆಯನ್ನು ಬೇಕೆಂದೇ ಪ್ರತ್ಯೇಕ ಪರದೆಯಲ್ಲಿ ಕೇಳುತ್ತದೆ, ಮಾಮೂಲಿ ತಂತ್ರಾಂಶಗಳು ಅದನ್ನು ನೋಡಲಾರವು, ಒತ್ತಲಾರವು. ಹೌದು ಎನ್ನಬೇಕಾದದ್ದು ಯಂತ್ರದ ಮುಂದೆ ಕೂತವರು. ಕಿರಿಕಿರಿ ಅನಿಸಿದರೂ ಇದು ನನಗೆ ಇಷ್ಟವಾದ ಕಿರಿಕಿರಿ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ರಿಮೋಟ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಆ ಕಡೆಗೆ ಕಳಿಸುವುದು ನೀವು ಎಷ್ಟನೆಯ ಕೀಲಿ ಒತ್ತಿದಿರಿ ಎಂಬುದನ್ನು. ಅದು ಯಾವ ಅಕ್ಷರವಾಗಬೇಕೆಂದು ನಿರ್ಧರಿಸುವುದು ಆ ಕಡೆಯ ಯಂತ್ರ. ಹಾಗಾಗಿ ಕನ್ನಡ ಕೀಬೋರ್ಡ್ ಆನ್ ಆಗಿರಬೇಕಾದದ್ದು ಅಲ್ಲಿ, ನಿಮ್ಮದು ಇಂಗ್ಲಿಷಿನಲ್ಲೇ ಇರಲಿ. ನುಡಿಯ ಹಳೆಯ ಫಾಂಟಿನಲ್ಲಿ ಕೂಡಿಸಿಟ್ಟ ಕಡತವೂ ದೂರದ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಿಮ್ಮಲ್ಲಿ ಆ ಫಾಂಟ್ ಇಲ್ಲದಿದ್ದರೂ ಸರಿ, ಬರುತ್ತಿರುವುದು ಚಿತ್ರ ತಾನೆ. ಅದರಿಂದ ಒಂದು ಸಾಲು ಕಾಪಿ ಮಾಡಿ ನಿಮ್ಮ ಕಡೆ ಪೇಸ್ಟ್ ಮಾಡಿ ನೋಡಿ, ರೋಮನ್ ಅಕ್ಷರಗಳ ಕಲಸುಮೇಲೋಗರ ಬಂದು ಬೀಳುತ್ತದೆ. ಕಾಪಿ ಪೇಸ್ಟ್ ಎಂದಾಗ ನೆನಪಾಯಿತು: ಎರಡು ಯಂತ್ರಗಳ ಕ್ಲಿಪ್‌ಬೋರ್ಡ್ ಒಂದಾಗಿರುವಷ್ಟು ಹೊತ್ತು ನೀವಿಲ್ಲಿ ಕಾಪಿ ಮಾಡಿದ ಪಾಸ್‌ವರ್ಡ್ ಅಲ್ಲೂ ಹೋಗಿ ಕೂತಿರುತ್ತದೆ.

ಪರದೆಯ ಹಂಗೇ ಬೇಡ, ಬರೀ ಕಡತ ತರಬೇಕು, ಆದೇಶ ಕೊಡಬೇಕು ಎನ್ನುವವರಿಗೆ ಎಸ್‌ಎಸ್‌ಎಚ್ ಇದೆ. ಅದಕ್ಕೆ ಮುಂಚೆ ಇದ್ದದ್ದು ಟೆಲ್ನೆಟ್, ಅದರಲ್ಲಿ ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಬಾಚಿಕೊಂಡರು. ಅಲ್ಲಿನ ಸಂಶೋಧಕ ತಾತು ಇಲೋನೆನ್ ಅದೇ ವರ್ಷ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದ. ಕಡತ ಸಾಗಿಸುವ ಎಫ್‌ಟಿಪಿಯ ಪೋರ್ಟ್ 21, ಟೆಲ್ನೆಟ್ಟಿನದು 23, ನಡುವೆ 22 ಖಾಲಿ ಇತ್ತು. ಎರಡನ್ನೂ ಬದಲಿಸುವ ತಂತ್ರಾಂಶಕ್ಕೆ ಅದೇ ಒಪ್ಪುತ್ತದೆಂದು ಇಮೇಲ್ ಬರೆದು ಕೇಳಿದ, ಮರುದಿನವೇ ಸಿಕ್ಕಿತು. ಅರ್ಜಿಯಿಲ್ಲ, ಸಮಿತಿಯಿಲ್ಲ! ಮೂಲೆ ಸೇರಿದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಮನೆಯ ಫೋಟೊ, ಕಾಗದಪತ್ರಗಳ ಉಗ್ರಾಣ ಮಾಡಿಕೊಂಡವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪಾಸ್‌ವರ್ಡ್ ಬದಲು ಕೀಲಿ ಜೋಡಿ ಮಾಡಿಕೊಂಡು, ಗುಟ್ಟಿನದನ್ನು ನಿಮ್ಮಲ್ಲೇ ಇಟ್ಟು ಬಹಿರಂಗದ್ದನ್ನು ಮಾತ್ರ ಆ ಕಡೆ ಹಾಕಿಡಿ. ಮೊದಲ ಸಲ ಸೇರುವಾಗ "ಈ ಯಂತ್ರದ ಗುರುತು ನನಗೆ ಗೊತ್ತಿಲ್ಲ, ನಂಬಲೇ" ಎಂದು ಅದು ಉದ್ದದೊಂದು ಬೆರಳಚ್ಚು ತೋರಿಸಿ ಕೇಳುತ್ತದೆ. ಕಣ್ಣುಮುಚ್ಚಿ ಎಸ್ ಒತ್ತುವುದು ಲೋಕಾರೂಢಿ. ಊರಿಗೆ ಹೋದಾಗ ಒಂದು ಸಲ ಅಲ್ಲೇ ಕೂತು ಸೇರಿಕೊಂಡು ಬಂದರೆ ಈ ಪ್ರಶ್ನೆ ದೂರದಿಂದ ಎದುರಾಗುವುದೇ ಇಲ್ಲ. ಆಮೇಲೆ ಯಾವಾಗಲಾದರೂ ಬೆರಳಚ್ಚು ಬದಲಾಗಿದೆ ಎಂದು ಅದು ಕೂಗಿಕೊಂಡರೆ ಅಲ್ಲೇ ನಿಲ್ಲಿ, ಊರಿಗೆ ಫೋನ್ ಮಾಡಿ.

ದೂರದಿಂದ ಇವಕ್ಕೆಲ್ಲ ದಾರಿ ಮಾಡಿಕೊಡಲು ಈಗ ಟೇಲ್‌ಸ್ಕೇಲ್ ಥರದ ಖಾಸಗಿ ಜಾಲಗಳಿವೆ. ಅದರ ಬುಡದಲ್ಲಿರುವ ವೈರ್‌ಗಾರ್ಡ್ 2020ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿಕೊಂಡಿತು. ಎರಡೂ ಯಂತ್ರದಲ್ಲಿ ಹಾಕಿ ಒಂದೇ ಖಾತೆಯಿಂದ ಒಳಬಂದರೆ, ಎಲ್ಲೇ ಇದ್ದರೂ ಒಂದೇ ಮನೆಯ ವೈಫೈನಲ್ಲಿ ಇದ್ದಂತೆ ಒಂದನ್ನೊಂದು ಕಾಣುತ್ತವೆ. ಹೊರಗಿನವರಿಗೆ ಯಾವ ಪೋರ್ಟೂ ತೆರೆದಿರುವುದಿಲ್ಲ. ವಾರಕ್ಕೊಮ್ಮೆ ಬಳಸುವವರಿಗೆ ನಾನು ಹೇಳುವುದು ಇದನ್ನೇ.

ಇನ್ನು ಮೋಸದ ಕತೆ. ಹೆಚ್ಚಿನ ರಿಮೋಟ್ ಮೋಸಗಳಲ್ಲಿ ಯಾರೂ ಯಾವ ಬೀಗವನ್ನೂ ಒಡೆಯುವುದಿಲ್ಲ. "ನಿಮ್ಮ ಕೆವೈಸಿ ಮುಗಿದಿದೆ", "ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತೆ", "ಹಣ ವಾಪಸ್ ಕೊಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ". ಆ್ಯಪ್ ಅಸಲಿಯೇ, ಪ್ಲೇ ಸ್ಟೋರಿನದೇ. ಪರದೆಯ ಮೇಲಿನ ಅಂಕಿ ಓದಿ ಹೇಳಿ, ಬಂದ ಪ್ರಶ್ನೆಗೆ ಒಪ್ಪಿಗೆ ಒತ್ತಿ ಎನ್ನುತ್ತಾರೆ. ಮಗಳಿಗೆ ಪರದೆ ತೋರಿಸುವ ಅದೇ ಯಂತ್ರ ಕಳ್ಳನಿಗೂ ತೋರಿಸುತ್ತದೆ. ಅಂಕಿ ಸರಿ ಇದೆಯೇ ಎಂದಷ್ಟೇ ಅದು ನೋಡಬಲ್ಲದು, ಕೇಳಿದವರು ಯಾರೆಂದು ಅದಕ್ಕೇನು ಗೊತ್ತು? ಫೋನಿಗೆ ಬಂದ ಒಟಿಪಿ ಅವರಿಗೂ ಕಾಣುತ್ತದೆ. ಇಂಥದೇ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಹಾಗಾಗಿ ಅಪ್ಪ ಅಮ್ಮನಿಗೆ ತಂತ್ರಜ್ಞಾನ ವಿವರಿಸುವ ಗೋಜು ಬೇಡ, ಕರೆ ಶುರುವಾದದ್ದು ಯಾವ ಕಡೆಯಿಂದ ಎಂದು ನೋಡಿಕೊಳ್ಳುವುದನ್ನು ಹೇಳಿಕೊಟ್ಟರೆ ಸಾಕು. ತೊಂದರೆಯಾಗಿ ತಾವೇ ಮಗನಿಗೆ ಫೋನ್ ಮಾಡಿದ್ದರೆ ಅಂಕಿ ಹೇಳಬಹುದು. ತಾವಾಗಿ ಫೋನ್ ಮಾಡಿ ನೆರವಿಗೆ ಬಂದವರಿಗೆ, ಅವರು ಬ್ಯಾಂಕಿನವರಿರಲಿ ಪೊಲೀಸರಿರಲಿ, ಹೇಳುವಂತಿಲ್ಲ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಗ್ರಾಹಕ ಸೇವೆಯ ನಂಬರಿಗೆ ತಾವೇ ಕರೆ ಮಾಡಿದರೂ ಇದೇ ಪಾಠ, ಖೋಟಾ ನಂಬರುಗಳನ್ನು ಅಲ್ಲಿ ಬಿತ್ತಿರುತ್ತಾರೆ. ಎಡವಟ್ಟಾಯಿತೆಂದು ಅನುಮಾನ ಬಂದರೆ ಮೊದಲು ವೈಫೈ, ಡೇಟಾ ಎರಡನ್ನೂ ಆರಿಸಬೇಕು, ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮುಂದೆ ಯಾರೂ ಕೂರದ ಯಂತ್ರವನ್ನು ದೂರದಿಂದ ಬಳಸಬೇಕೆಂದರೆ ಲೆಕ್ಕ ಬೇರೆ. ಅಲ್ಲಿ ಒಪ್ಪಿಗೆ ಒತ್ತುವವರಿಲ್ಲ, ಖಾಯಂ ಪಾಸ್‌ವರ್ಡ್ ಇಡಬೇಕಾಗುತ್ತದೆ, ಅದಕ್ಕೆ ಎರಡನೆಯ ಹಂತದ ಪರೀಕ್ಷೆಯನ್ನೂ ಸೇರಿಸಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಪೀಕಲಾಟ. ಕರೆಂಟು ಹೋಗಿ ಬಂದರೆ ಕಂಪ್ಯೂಟರ್ ತಾನಾಗಿ ಏಳುವುದಿಲ್ಲ. ಅನೇಕ ಯಂತ್ರಗಳ ಬಯಾಸ್‌ನಲ್ಲಿ ವಿದ್ಯುತ್ ಬಂದೊಡನೆ ಶುರುವಾಗುವ ಆಯ್ಕೆ ಇರುತ್ತದೆ, ಅದನ್ನು ಊರಿಗೆ ಹೋದಾಗಲೇ ಹಾಕಿ ಬನ್ನಿ. ಮಲಗಿದ ಯಂತ್ರವನ್ನು ಎಬ್ಬಿಸಲು ವೇಕ್ ಆನ್ ಲ್ಯಾನ್ ಇದೆ: ಮೊದಲಿಗೆ ಆರು ತುಂಬಿದ ಬೈಟ್, ಆಮೇಲೆ ಆ ಯಂತ್ರದ ನೆಟ್‌ವರ್ಕ್ ಕಾರ್ಡಿನ ನಂಬರು 16 ಸಲ, ಒಟ್ಟು 102 ಬೈಟಿನ ಕೂಗು. ಆದರೆ ಈ ಕೂಗು ವಠಾರದ ಒಳಗಿನಿಂದಲೇ ಬರಬೇಕು. ಅದಕ್ಕೆಂದು ಸದಾ ಎಚ್ಚರವಿರುವ ಪುಟ್ಟ ರಾಸ್ಪ್‌ಬೆರಿ ಪೈ ಒಂದನ್ನು ರೌಟರಿನ ಪಕ್ಕ ಇಟ್ಟು, ಎಸ್‌ಎಸ್‌ಎಚ್ ಮೂಲಕ ಅದರಿಂದ ಕೂಗಿಸುವವರಿದ್ದಾರೆ. ಎರಡಕ್ಕೂ ಯುಪಿಎಸ್ ಇದ್ದರೆ ಕ್ಷೇಮ.

ಊರಿಗೆ ಹೋದಾಗ ಮಾಡಿಬರಬೇಕಾದ ಇನ್ನೊಂದು ಕೆಲಸವಿದೆ. ಪ್ರೋಗ್ರಾಮ್‌ಗಳ ಪಟ್ಟಿ ತೆರೆದು ಮೇಲಿನಿಂದ ಕೆಳಗಿನವರೆಗೆ ನೋಡಿ. ಎಂದೋ ರಿಪೇರಿಗೆ ಬಂದ ಅಂಗಡಿಯ ಹುಡುಗ "ಮುಂದೆ ತೊಂದರೆ ಆದ್ರೆ ಅಲ್ಲಿಂದಲೇ ನೋಡ್ತೀನಿ ಸಾರ್" ಎಂದು ಖಾಯಂ ಪಾಸ್‌ವರ್ಡ್ ಸಮೇತ ಹಾಕಿಹೋದ ರಿಮೋಟ್ ತಂತ್ರಾಂಶ ಅಲ್ಲಿ ಇನ್ನೂ ಕೂತಿರಬಹುದು, ಕಂಪ್ಯೂಟರ್ ಜತೆಗೇ ಪ್ರತಿ ಬೆಳಿಗ್ಗೆ ಏಳುತ್ತಿರಬಹುದು. ಹುಡುಗ ಒಳ್ಳೆಯವನೇ ಇದ್ದಾನು. ಆ ಪಾಸ್‌ವರ್ಡ್ ಬರೆದಿಟ್ಟ ಅವನ ಪುಸ್ತಕ ಈಗ ಯಾರ ಬಳಿ ಇದೆಯೋ. ತೆಗೆದುಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ.